ಬಾಗಿಲಿಗೆ ಅಡ್ಡ ಇಟ್ಟ ಕುರ್ಚಿ

ಬ್ರಹ್ಮಾವರದ ಮೇಷ್ಟ್ರಿಗೆ ಬುದ್ಧಿ ಬಹಳ, ಹೊತ್ತುಗೊತ್ತು ಮಾತ್ರ ಇಲ್ಲ. ಮೊನ್ನೆ ನಾನು ಕಾಲೇಜಿನ ಗ್ರಂಥಾಲಯದಲ್ಲಿ ಹೊಸ ಪುಸ್ತಕಗಳ ಬೆನ್ನಿಗೆ ನಂಬರು ಅಂಟಿಸುತ್ತ ಕೂತಿದ್ದಾಗ ಅವರ ಸಂದೇಶವೊಂದು ಮೊಬೈಲಿಗೆ ಬಂದು ಬಿತ್ತು. ‘ಅಕ್ಕನ ಅಕ್ಷರ ಪರಿವರ್ತಕದಲ್ಲಿ ಒಂದು ವರ್ಷದಿಂದ ಯಾವ ಬದಲಾವಣೆಯೂ ಆಗಿಲ್ಲ. ನೋಡಿಕೊಳ್ಳುವವರೂ ಈಗ ಇಲ್ಲ. ಬಾಗಿಲು ಹಾಕಿದೆ ಎಂದು ಗುರುತು ಮಾಡಲು ನಿಮ್ಮ ಒಪ್ಪಿಗೆ ಬೇಕು.’ ಓದಿ ನನಗೆ ಮೈಯೆಲ್ಲ ಉರಿಯಿತು. ಅಕ್ಕ ತೀರಿಕೊಂಡು ಒಂದು ಮಳೆಗಾಲ ಕೂಡ ಪೂರ್ತಿ ಕಳೆದಿರಲಿಲ್ಲ. ಕೈಯಲ್ಲಿದ್ದ ಗೋಂದಿನ ಬಾಟಲಿಯನ್ನು ಮೇಷ್ಟ್ರ ಮೇಲೆ ಎಸೆಯೋಣ ಅನ್ನಿಸಿತು. ಅವರು ಬ್ರಹ್ಮಾವರದಲ್ಲಿ, ನಾನು ಕುಂದಾಪುರದಲ್ಲಿ. ಬಾಟಲಿ ಉಳಿಯಿತು.

ನಿಜ ಹೇಳಬೇಕೆಂದರೆ ಮೇಷ್ಟ್ರದ್ದು ತಪ್ಪೇನಿರಲಿಲ್ಲ. ಹಾಗೆ ಇನ್ನೊಬ್ಬರ ಒಪ್ಪಿಗೆ ಕೇಳಬೇಕು ಎಂದು ನಿಯಮ ಮಾಡಿದವರೇ ಅಕ್ಕ.

ಅಕ್ಕ ಅಂದರೆ ನನಗೆ ಸಂಬಂಧಿಕರಲ್ಲ. ಕುಂದಾಪುರದ ಹಳೇ ಬಸ್‌ ನಿಲ್ದಾಣದ ಹತ್ತಿರ ಸಾಲು ಅಂಗಡಿಗಳ ನಡುವೆ ಅವರದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಟೈಪ್‌ರೈಟರುಗಳ ಕಾಲ ಮುಗಿದ ಮೇಲೆ ಅದೇ ಡಿಟಿಪಿ ಸೆಂಟರ್ ಆಯಿತು. ಲಗ್ನಪತ್ರಿಕೆ, ಬಿಲ್ಲು ಪುಸ್ತಕ, ಭಜನಾ ಮಂಡಳಿಯ ಕರೆಯೋಲೆ, ಎಲ್ಲ ಅಲ್ಲೇ ಆಗುತ್ತಿತ್ತು. ಊರಿನ ಅರ್ಧಕ್ಕರ್ಧ ಜನ ಅವರ ಹತ್ತಿರ ಟೈಪಿಂಗ್ ಕಲಿತವರಾದ್ದರಿಂದ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಕುಳ್ಳಗಿನ ಆಳು, ಬಿರುಸಿನ ನಡಿಗೆ, ತುರುಬಿಗೆ ಸಿಕ್ಕಿಸಿದ ಪೆನ್ಸಿಲು. ಆ ಪೆನ್ಸಿಲಿನಿಂದ ಅವರು ಬರೆದದ್ದನ್ನೂ ನಾನು ಕಂಡಿಲ್ಲ. ಫೋನು ಎತ್ತಿದರೆ ಹಲೋ ಅನ್ನುವ ಪದ್ಧತಿ ಅವರಿಗಿರಲಿಲ್ಲ. ಯಾರೇ ಮಾಡಲಿ, ಯಾವ ಹೊತ್ತಿಗೇ ಮಾಡಲಿ, ಆ ಕಡೆಯವರು ಬಾಯಿ ತೆರೆಯುವ ಮೊದಲೇ "ಹೇಳಿ, ಎಂತ ಆಯ್ತ್?" ಎಂದು ಕೇಳಿಬಿಡುತ್ತಿದ್ದರು. ಏನೂ ಆಗದೆ ಸುಮ್ಮನೆ ಕ್ಷೇಮ ವಿಚಾರಿಸಲು ಫೋನು ಮಾಡಿದವರಿಗೆ ಏನಾದರೊಂದು ಆಗಿದ್ದರೆ ಚೆನ್ನಾಗಿತ್ತು ಅನ್ನಿಸುತ್ತಿತ್ತು.

ನನಗೆ ಅವರ ಪರಿಚಯ ಆದದ್ದು ಕಾಲೇಜಿನ ಹಳೆಯ ವಾರ್ಷಿಕ ಸಂಚಿಕೆಗಳಿಂದ. ಹಿಂದಿನ ಕಾಲದ ಕನ್ನಡ ಫಾಂಟಿನಲ್ಲಿ ಟೈಪು ಮಾಡಿಟ್ಟ ಲೇಖನಗಳು ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯಾಗಿ ಕಾಣುತ್ತಿದ್ದವು. ಪ್ರಾಂಶುಪಾಲರ ಮುನ್ನುಡಿಯಂತೂ ಬೈಗುಳದ ಹಾಗೆ ಕಾಣುತ್ತಿತ್ತು. ಅಕ್ಕ ಅದಕ್ಕೆಂದೇ ತಾವು ಬರೆದ ಪರಿವರ್ತಕವೊಂದನ್ನು ಓಡಿಸಿದರು. ನಾನು ಚಾ ಕುಡಿದು ಮುಗಿಸುವುದರೊಳಗೆ ಕನ್ನಡ ಕನ್ನಡವಾಗಿ ವಾಪಸು ಬಂದಿತ್ತು. "ಅಕ್ಷರಕ್ಕೆ ಮರ್ಳ್ ಹಿಡ್ದಿತ್ತ್, ಈಗ ಸಮಾ ಆಯ್ತ್ ಕಾಣಿ" ಎಂದರು. ಬೆಂಗಳೂರಿನಿಂದ ಬೀದರಿನ ತನಕ ಸಣ್ಣ ಸಣ್ಣ ಪ್ರೆಸ್ಸಿನವರು ಆ ಪರಿವರ್ತಕವನ್ನು ಬಳಸುತ್ತಾರೆಂದು ಆಮೇಲೆ ತಿಳಿಯಿತು. ಅಕ್ಕ ಅದನ್ನು ಮಾರಲಿಲ್ಲ. ಕೋಶಕ್ಕೆ ಹಾಕಿ, ಜೊತೆಗೆ ಸೆಂಟರಿನ ಫೋನ್ ನಂಬರನ್ನೂ ಬರೆದಿಟ್ಟಿದ್ದರು.

ಕೋಶ ಎಂದು ನಾವು ಕರೆಯುವುದು ಒಂದು ವೆಬ್‌ಸೈಟನ್ನು. ಕನ್ನಡದ ಕೆಲಸಕ್ಕೆಂದು ಯಾರ್ಯಾರೋ ಬಿಡುವಿನಲ್ಲಿ ಬರೆದು ಪುಕ್ಕಟೆ ಹಂಚಿದ ಸಾಫ್ಟ್‌ವೇರುಗಳ ಪಟ್ಟಿ ಅದು. ಫಾಂಟು, ಕೀಲಿಮಣೆ, ನಿಘಂಟು, ಕಾಗುಣಿತ ತಿದ್ದುವ ಸಾಧನ, ಹೀಗೆ. ನಡೆಸುವವರೆಲ್ಲ ಸ್ವಯಂಸೇವಕರು. ಇಂಥ ಪಟ್ಟಿ ಕಟ್ಟುವುದಕ್ಕೆ ಜನ ಮುಗಿಬೀಳುತ್ತಾರೆ, ಕಾಯುವುದಕ್ಕೆ ಯಾರೂ ಬರುವುದಿಲ್ಲ. ಉತ್ಸಾಹದಲ್ಲಿ ಹುಟ್ಟಿದ ಸಾಫ್ಟ್‌ವೇರು ಸ್ವಲ್ಪ ಕಾಲದಲ್ಲೇ ಅನಾಥವಾಗಿರುತ್ತದೆ. ಮಾಡಿದವನಿಗೆ ಮದುವೆಯಾಗಿರುತ್ತದೆ, ಇಲ್ಲವೆ ಮಾಡಿದವಳಿಗೆ ಬೇಸರ ಬಂದಿರುತ್ತದೆ. ನಂಬಿ ಇಳಿಸಿಕೊಂಡವರು ಏನಾದರೂ ಕೆಟ್ಟಾಗ ಕೇಳಲು ಜನವಿಲ್ಲದೆ ಒದ್ದಾಡುತ್ತಾರೆ. ಹಾಗಾಗಿ ಯಾವುದನ್ನು ಈಗಲೂ ಯಾರಾದರೂ ನೋಡಿಕೊಳ್ಳುತ್ತಿದ್ದಾರೆ, ಯಾವುದನ್ನು ಇಲ್ಲ ಎಂದು ವಿಚಾರಿಸಿ ಗುರುತು ಹಾಕುವ ಕೆಲಸವೊಂದಿತ್ತು. ಯಾರಿಗೂ ಬೇಡವಾದ ಆ ಕೆಲಸವನ್ನು ಅಕ್ಕ ಕೇಳಿ ತೆಗೆದುಕೊಂಡಿದ್ದರು.

ಅವರಿಗೆ ಅದು ಹೇಳಿ ಮಾಡಿಸಿದ ಕೆಲಸ. ಯಾವ ವಸ್ತುವನ್ನೇ ಕಾಣಲಿ, ಅದು ನಡೆಯುತ್ತಿದೆಯೋ ಇಲ್ಲವೋ ಎಂದು ಪರೀಕ್ಷಿಸದೆ ಅವರಿಗೆ ಸಮಾಧಾನವಿರಲಿಲ್ಲ. ಯಾರ ಮನೆಗೆ ಹೋದರೂ ಮೊದಲು ಗೋಡೆ ಗಡಿಯಾರ ನೋಡಿ, ತಮ್ಮ ಕೈಗಡಿಯಾರ ನೋಡಿ, ಆಮೇಲೆ ಮನೆಯವರ ಮುಖ ನೋಡುತ್ತಿದ್ದರು. ಬಾರ್ಕೂರಿನಲ್ಲಿ ಒಂದು ಮದುವೆಗೆ ಇಬ್ಬರೂ ಹೋಗಿದ್ದೆವು. ಮುಹೂರ್ತಕ್ಕೆ ಇನ್ನೇನು ಹೊತ್ತಾಗಿದೆ ಅನ್ನುವಾಗ ಹಾಲ್‌ನ ಗಡಿಯಾರ ನಿಂತಿರುವುದು ಅಕ್ಕನ ಕಣ್ಣಿಗೆ ಬಿತ್ತು. "ನಿಂತ್ ಹೋದ್ ಗಡಿಯಾರ ಗ್ವಾಡಿ ಮೇಲ್ ಎಂತಕ್ ಮಾರಾಯ್ರೆ?" ಎಂದು ಮದುಮಗನ ಮಾವನ ಕೈಯಲ್ಲೇ ಸ್ಟೂಲು ತರಿಸಿ ಅದನ್ನು ಕೆಳಗಿಳಿಸಿದರು. ಮಂಗಳಾಷ್ಟಕ ಶುರುವಾದಾಗ ಮಾವನ ಒಂದು ಕೈಯಲ್ಲಿ ಅಕ್ಷತೆ, ಇನ್ನೊಂದು ಕೈಯಲ್ಲಿ ಗಡಿಯಾರದ ಸೆಲ್ಲು.

ಕೋಶದಲ್ಲಿ ಮೊದಲು ಎರಡೇ ಗುರುತುಗಳಿದ್ದವು, ಸಕ್ರಿಯ ಮತ್ತು ನಿಷ್ಕ್ರಿಯ. ಅಕ್ಕನಿಗೆ ಅವೆರಡೂ ಸರ್ಕಾರಿ ಆಫೀಸಿನ ಮಾತಿನಂತೆ ಕಂಡವು. ನಮ್ಮ ಕಡೆ ಸಣ್ಣ ಅಂಗಡಿಯವರು ಮಧ್ಯಾಹ್ನ ಊಟಕ್ಕೆ ಹೋಗುವಾಗ ಶಟರ್ ಎಳೆಯುವುದಿಲ್ಲ. ಬಾಗಿಲಿಗೆ ಅಡ್ಡವಾಗಿ ಒಂದು ಕುರ್ಚಿ ಇಟ್ಟು ಹೋಗುತ್ತಾರೆ. ಕುರ್ಚಿ ಇದೆ ಅಂದರೆ ಯಜಮಾನರು ಬರುತ್ತಾರೆ, ನೀವು ಕಾಯಿರಿ ಅಂತ. ಅದನ್ನು ದಾಟಿ ಒಳಗೆ ಹೋಗುವವರು ನಾಯಿ ಮತ್ತು ಪ್ರವಾಸಿಗರು ಮಾತ್ರ. ಅಕ್ಕನೂ ಕೆಂಪು ಪ್ಲಾಸ್ಟಿಕ್ ಕುರ್ಚಿಯೊಂದನ್ನು ಹಾಗೆ ಇಡುತ್ತಿದ್ದರು. ಆ ಲೆಕ್ಕದಲ್ಲೇ ಅವರು ಕೋಶಕ್ಕೆ ಮೂರು ಗುರುತು ಮಾಡಿದರು: ಬಾಗಿಲು ತೆರೆದಿದೆ, ಕುರ್ಚಿ ಅಡ್ಡ ಇದೆ, ಬಾಗಿಲು ಹಾಕಿದೆ. ಧಾರವಾಡದ ಸ್ವಯಂಸೇವಕರೊಬ್ಬರು ಕುರ್ಚಿ ಯಾವ ಅಳತೆಯದ್ದು, ಚಿತ್ರ ಹಾಕಬೇಕೋ ಎಂದು ಬಹಳ ವಿನಯದಿಂದ ಕೇಳಿದ್ದರು.

ಮೇಷ್ಟ್ರು ಬಂದದ್ದು ಆಮೇಲೆ. ಬ್ರಹ್ಮಾವರದ ಹತ್ತಿರ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ಅವರು ಒಂದು ಪುಟ್ಟ ಯಂತ್ರವನ್ನು, ಅಂದರೆ ತನ್ನಷ್ಟಕ್ಕೆ ಓಡುವ ಪ್ರೋಗ್ರಾಮನ್ನು, ಬರೆದು ತಂದರು. ಅದು ಪ್ರತಿಯೊಂದು ಸಾಫ್ಟ್‌ವೇರಿನಲ್ಲಿ ಕಡೆಯ ಬದಲಾವಣೆ ಯಾವಾಗ ಆಯಿತೆಂದು ನೋಡಿ, ವರ್ಷ ದಾಟಿದ್ದರೆ ತಾನೇ ಬಾಗಿಲು ಹಾಕಿಬಿಡುತ್ತಿತ್ತು. "ಪಟ್ಟಿ ದಿನಾ ದೊಡ್ಡ ಆತಾ ಇತ್ತ್ ಅಕ್ಕ. ಎಲ್ರಿಗೂ ಫೋನ್ ಮಾಡ್ತಾ ಕೂಕಂಡ್ರೆ ಮುಗೀತಿಲ್ಲೆ" ಎಂದರು. ಮಾತಿನಲ್ಲಿ ಹುರುಳಿತ್ತು. ಅಕ್ಕ ಯಂತ್ರವನ್ನು ಬೇಡ ಅನ್ನಲಿಲ್ಲ. "ನಿಮ್ ಯಂತ್ರ ಅನ್ಮಾನ ಪಡ್ಲಿ ಮೇಷ್ಟ್ರೆ. ತೀರ್ಮಾನ ಮಾಡುಕ್ ನಾವಿಲ್ಯಾ?" ಎಂದರು. ಯಂತ್ರ ಬೆರಳು ತೋರಿಸಿದ ಮೇಲೆ ಒಬ್ಬರು ವಿಚಾರಿಸಬೇಕು, ಬಾಗಿಲು ಹಾಕುವ ಮೊದಲು ಇನ್ನೊಬ್ಬರು ಒಪ್ಪಬೇಕು ಎಂಬ ನಿಯಮ ಆ ದಿನ ಹುಟ್ಟಿತು. ಇನ್ನೊಬ್ಬರು ಅಂದರೆ ನಾನು. ಸಾಫ್ಟ್‌ವೇರು ನನಗೆ ಅಷ್ಟಕ್ಕಷ್ಟೆ. ಆದರೆ ಓದುಗರು ಕೇಳದ ಪುಸ್ತಕವನ್ನು ರದ್ದಿಗೆ ಹಾಕಬೇಕೇ ಎಂದು ದಿನಾ ತಲೆ ಕೆಡಿಸಿಕೊಳ್ಳುವ ಕೆಲಸ ನನ್ನದಾದ್ದರಿಂದ ಅಕ್ಕನಿಗೆ ನಾನು ಸರಿ ಎನ್ನಿಸಿರಬೇಕು.

ಯಂತ್ರ ಮೊದಲು ಬೆರಳು ತೋರಿಸಿದ್ದು ಬೈಂದೂರು ಕಡೆಯ ಒಬ್ಬರು ಮಾಡಿದ ಉಬ್ಬರ ಇಳಿತದ ಸಾಫ್ಟ್‌ವೇರಿಗೆ. ಹೊಳೆ ಕಡಲು ಸೇರುವ ಹೊಳೆಬಾಗಿಲಿನಲ್ಲಿ ನೀರು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ಅದು ಹೇಳುತ್ತಿತ್ತು. ದೋಣಿಯವರಿಗೆ, ಚಿಪ್ಪು ಹೆಕ್ಕುವವರಿಗೆ ಬೇಕಾದದ್ದು. ವರ್ಷಗಟ್ಟಲೆ ಯಾರೂ ಅದನ್ನು ಮುಟ್ಟಿರಲಿಲ್ಲ. ಅಕ್ಕ ಫೋನು ಮಾಡಿದರು. ಆ ಮನುಷ್ಯ ನಗುತ್ತ, "ಉಬ್ಬರ ಇಳ್ತ ಬದ್ಲಾದ್ರೆ ಹೇಳಿ ಅಕ್ಕ, ನಾನೂ ಬದ್ಲ್ ಮಾಡ್ತೆ" ಎಂದರು. ನನಗೆ ಆ ಉತ್ತರ ಸಾಕಾಗಿತ್ತು. ಅಕ್ಕನಿಗೆ ಸಾಕಾಗಲಿಲ್ಲ.

"ಅವ್ರ್ ಹೇಳಿರ್ ಅಂದೇಳಿ ನಂಬುಕ್ ಆತ್ತಾ? ನಾವೇ ಹೋಯ್ ಕಾಣ್ಕ್" ಎಂದು ಭಾನುವಾರ ನನ್ನನ್ನು ಬಸ್ಸು ಹತ್ತಿಸಿದರು.

ಹೊಳೆಬಾಗಿಲಿನ ಮರಳಿನಲ್ಲಿ ಅಕ್ಕ ಒಂದು ಕೋಲು ನೆಟ್ಟು, ಕೊಡೆ ಬಿಡಿಸಿ, ಒಂದು ಕಣ್ಣು ಗಡಿಯಾರದ ಮೇಲೆ ಇನ್ನೊಂದು ನೀರಿನ ಮೇಲೆ ಇಟ್ಟು ನಿಂತರು. ಚಿಪ್ಪು ಹೆಕ್ಕುತ್ತಿದ್ದ ಹೆಂಗಸರು ಇವರೇನೋ ಸರ್ವೆ ಇಲಾಖೆಯವರು, ಜಾಗ ಅಳೆಯಲು ಬಂದಿದ್ದಾರೆ ಎಂದುಕೊಂಡು ಸುತ್ತ ನೆರೆದರು. ವಿಷಯ ತಿಳಿದ ಮೇಲೆ ಒಬ್ಬಾಕೆ, "ಅಷ್ಟೇಯಾ? ನಮ್ಮನ್ನ್ ಕೇಂಡಿದ್ರೆ ನಾವೇ ಹೇಳ್ತಿದ್ದಿತ್" ಎಂದು ನಕ್ಕಳು. ನೀರು ಇಳಿದು, ಒಂದು ಗಳಿಗೆ ಸುಮ್ಮನಿದ್ದು, ತಿರುಗಿ ಏರತೊಡಗಿದ್ದು ಮೊಬೈಲು ಹೇಳಿದ ಹೊತ್ತಿಗೇ. ಅದನ್ನು ಖಾತ್ರಿ ಮಾಡುವ ಭರದಲ್ಲಿ ನಮ್ಮಿಬ್ಬರ ಚಪ್ಪಲಿಗಳು ತೇಲಿ ಹೋದವು. ಬರಿಗಾಲಿನಲ್ಲಿ ಬಸ್ಸಿಗೆ ಕಾಯುತ್ತ ಅಕ್ಕ ಬಹಳ ಖುಷಿಯಾಗಿದ್ದರು. ಕೆಲಸ ಪೂರ್ತಿಯಾಗಿ ಸುಮ್ಮನೆ ಕೂತವರನ್ನು ಸೋಮಾರಿ ಅನ್ನಬಾರದು ಎಂದು ದಾರಿಯುದ್ದಕ್ಕೂ ಹೇಳಿದರು. ಮನೆಗೆ ಹೋದ ಕೂಡಲೇ ‘ಬಾಗಿಲು ತೆರೆದಿದೆ’ ಎಂದು ಗುರುತು ಹಾಕಿದರು.

ಕೆರಾಡಿಯದ್ದು ಇನ್ನೊಂದು ಬಗೆ. ಅಲ್ಲಿಯ ಅಂಗನವಾಡಿ ಟೀಚರೊಬ್ಬರು ನಮ್ಮ ಕುಂದಾಪ್ರ ಕನ್ನಡದ ಶಬ್ದಗಳ ನಿಘಂಟೊಂದನ್ನು ಕೋಶಕ್ಕೆ ಹಾಕಿದ್ದರು. ಎರಡು ವರ್ಷದಿಂದ ಸದ್ದಿಲ್ಲ, ಫೋನೂ ತಾಗುವುದಿಲ್ಲ. ಹೋಗಿ ನೋಡಿದರೆ ಆ ಟೀಚರು ದಿನಾ ಶಬ್ದ ಸೇರಿಸುತ್ತಲೇ ಇದ್ದರು. ಕಾಡಂಚಿನ ಆ ಮನೆಗೆ ನೆಟ್‌ವರ್ಕ್ ಬರುವುದು ನಿಂತದ್ದರಿಂದ ಎಲ್ಲವೂ ಒಂದು ಪೆನ್‌ಡ್ರೈವಿನಲ್ಲಿ ಕೂತು, ಪೆನ್‌ಡ್ರೈವು ಕ್ಯಾಲೆಂಡರಿನ ಮೊಳೆಗೆ ನೇತಾಡುತ್ತಿತ್ತು. ಯಾರಾದರೂ ಬಂದರೆ ಕೊಡೋಣ ಎಂದಿದ್ದರಂತೆ. ಅಕ್ಕ ಅದನ್ನು ಒಡವೆಯ ಹಾಗೆ ಸೆರಗಿನಲ್ಲಿ ಕಟ್ಟಿಕೊಂಡು ತಂದರು. ಜೊತೆಗೆ ಒಂದು ಹಲಸಿನ ಹಣ್ಣೂ ಬಂತು, ಅದನ್ನು ಹೊತ್ತವಳು ನಾನು.

ಮೇಷ್ಟ್ರ ಯಂತ್ರ ಭೇಷ್ ಎಂದು ಮೆಚ್ಚಿಕೊಂಡದ್ದು ಒಂದೇ ಒಂದನ್ನು. ಸಿದ್ದಾಪುರ ಕಡೆಯ ಹುಡುಗನೊಬ್ಬ ಮಾಡಿದ ಕಾಗುಣಿತದ ಸಾಧನ ಅದು. ದಿನ ತಪ್ಪದೆ ಅದರಲ್ಲಿ ಏನಾದರೊಂದು ಬದಲಾವಣೆ ಆಗುತ್ತಿತ್ತು. ಮೇಷ್ಟ್ರು ಹೆಮ್ಮೆಯಿಂದ ತೋರಿಸಿದರೆ ಅಕ್ಕನ ಹುಬ್ಬು ಮೇಲೇರಿತು. "ದಿನಾ ಅದೇ ಹೊತ್ತಿಗಾ? ಚೌತಿ ದಿನವೂ? ಮನ್ಷ್ರಾರೆ ಪಂಚಕಜ್ಜಾಯ ತಿಂದ್ ಮನಿಕಂತ್ರ್ ಮಾರಾಯ್ರೆ" ಎಂದು ಅಲ್ಲೇ ಫೋನು ಹಚ್ಚಿದರು. ಹುಡುಗ ಮುಂಬೈಯಲ್ಲಿ ಮಾವನ ಹೋಟೆಲು ನೋಡಿಕೊಳ್ಳುತ್ತಿದ್ದ. ಸಾಫ್ಟ್‌ವೇರು ಬಿಟ್ಟು ವರ್ಷಗಳೇ ಆಗಿದ್ದವು. ಹಿಂದೆಂದೋ ಅವನು ಹೊಂದಿಸಿಟ್ಟಿದ್ದ ಒಂದು ಪ್ರೋಗ್ರಾಮು ದಿನಾ ತಾರೀಕು ಮಾತ್ರ ಬದಲಿಸುತ್ತ ಕೂತಿತ್ತು. ಸ್ಪೀಕರಿನಲ್ಲಿ ಅವನ ಹಿಂದೆ ಪ್ಲೇಟುಗಳ ಸದ್ದು ಕೇಳುತ್ತಿತ್ತು.

"ಬಾಗ್ಲ್ ಹಾಕ್ಬ್ಯಾಡಿ ಅಕ್ಕ, ಕುರ್ಚಿ ಇಡಿ" ಎಂದು ಬೇಡಿಕೊಂಡ.

"ಕುರ್ಚಿ ಇಡೂದ್ ವಾಪಾಸ್ ಬಪ್ಪವ್ರ್ ಮಗಾ. ನೀ ಬತ್ಯಾ?"

ಅವನು ಯಾವುದೋ ಟೇಬಲ್ಲಿಗೆ ಎರಡು ಚಾ ಹೇಳಿದ. ಆಮೇಲೆ ಅವನು, "ಇಲ್ಲೆ ಅಕ್ಕ. ಹಾಕಿ ಬಾಗ್ಲ್" ಎಂದ. ಅಕ್ಕ ಗುರುತು ಹಾಕಿದರು. ಆ ದಿನ ಎದುರಿನ ಹೋಟೆಲಿನಿಂದ ತರಿಸಿದ ಬನ್ಸನ್ನು ಅವರು ತಿನ್ನಲಿಲ್ಲ. ಹುಡುಗನ ಮೇಲಿನ ಮಮತೆಗೆ ಸುಳ್ಳು ಗುರುತು ಹಾಕಿದರೆ ನಾಳೆ ಅದನ್ನು ನಂಬಿ ಫೋನು ಮಾಡುವವರ ಗತಿ ಏನು ಎಂದು ಸಂಜೆ ತಾವಾಗಿಯೇ ಹೇಳಿದರು.

ಆ ಮಾತೇ ಮೊನ್ನೆ ನನಗೆ ಅಡ್ಡ ಬಂತು. ಮಳೆಗಾಲದ ಆರಂಭದಲ್ಲಿ ಅಕ್ಕ ಸಣ್ಣದೊಂದು ಆಪರೇಷನ್ನಿಗೆಂದು ಆಸ್ಪತ್ರೆಗೆ ಹೊರಟಿದ್ದರು. ಸೆಂಟರಿನ ಬಾಗಿಲಿಗೆ ಕೆಂಪು ಕುರ್ಚಿ ಅಡ್ಡ ಇಟ್ಟು, "ಎರಡ್ ದಿನ ಬಿಟ್ಟ್ ಬತ್ತೆ. ಫೋನ್ ಬಂದ್ರೆ ಯಾರಾರೂ ಎತ್ತಿ" ಎಂದು ಪಕ್ಕದ ಅಂಗಡಿಯವರಿಗೂ ನನಗೂ ಹೇಳಿ ರಿಕ್ಷಾ ಹತ್ತಿದರು. ವಾಪಸು ಬರಲಿಲ್ಲ. ಅವರ ತಂಗಿ ಬಂದು, ಕುರ್ಚಿಯನ್ನು ಸರಿಸಲು ಮನಸ್ಸಾಗದೆ, ಅದರ ಮುಂದೆಯೇ ಶಟರ್ ಎಳೆದರು. ಸೆಂಟರಿನ ಮೊಬೈಲನ್ನು ನನ್ನ ಕೈಗೆ ಹಾಕಿ, "ಇದ್ ಹೊಡ್ಕಣ್ತೇ ಇರತ್ತ್. ಎಂತ ಹೇಳ್ಕ್ ಅಂದೇಳಿ ನಂಗ್ ಗೊತ್ತಾತಿಲ್ಲೆ, ನೀವ್ ಇಟ್ಕಣಿ" ಎಂದರು. ನನಗೂ ಗೊತ್ತಾಗುತ್ತಿರಲಿಲ್ಲ. ಅದು ನನ್ನ ಚೀಲದೊಳಗೆ ಗುಂಯ್‌ಗುಡುತ್ತಿತ್ತು, ನಾನು ಚೀಲದ ಜಿಪ್ ಎಳೆಯುತ್ತಿದ್ದೆ. ಅಕ್ಕ ಇಲ್ಲ ಎಂದು ಗುರುತಿಲ್ಲದವರಿಗೆ ಹೇಳಿ ಹೇಳಿ ಅಳು ಬರುತ್ತದೆಂಬ ಹೆದರಿಕೆ, ಅಷ್ಟೆ.

ಈಗ ಮೇಷ್ಟ್ರಿಗೆ ಏನು ಬರೆಯುವುದು? ಬಾಗಿಲು ಹಾಕಿದರೆ ಪರಿವರ್ತಕ ಕೋಶದ ಮುಖಪುಟದಿಂದ ಹೋಗುತ್ತದೆ, ಹೊಸಬರ ಕಣ್ಣಿಗೆ ಬೀಳುವುದಿಲ್ಲ, ಅಕ್ಕ ಮಾಡಿದ್ದು ಮೆಲ್ಲಗೆ ಮರೆತುಹೋಗುತ್ತದೆ. ಅದನ್ನು ನಾನು ಸಹಿಸಲಾರೆ. ಕುರ್ಚಿ ಇಡೋಣವೆಂದರೆ, ಇಡುವುದು ವಾಪಸು ಬರುವವರು ಎಂದವರು ಅಕ್ಕನೇ. ಮುಂಬೈಯ ಹುಡುಗನಿಗಿಲ್ಲದ ರಿಯಾಯಿತಿಯನ್ನು ತಮಗೆ ಕೊಟ್ಟರೆ ಅವರು ಎಲ್ಲಿದ್ದರೂ ಎದ್ದು ಬಂದು ಬೈದಾರು. ಹಾಗಾದರೂ ಬರಲಿ ಅನ್ನಿಸಿದ್ದೂ ಉಂಟು.

ಉತ್ತರ ಬರೆಯದೆ ಎರಡು ದಿನ ದೂಡಿದೆ. ಮೂರನೆಯ ದಿನ ಅಕ್ಕನ ತಂಗಿ ಬೀಗದಕೈ ತಂದುಕೊಟ್ಟರು. ತಿಂಗಳ ಕೊನೆಗೆ ಜಾಗ ಬಿಟ್ಟುಕೊಡಬೇಕಿತ್ತು. ಕೋಶಕ್ಕೆ ಬೇಕಾದದ್ದೇನಾದರೂ ಇದ್ದರೆ ತೆಗೆದುಕೊಳ್ಳಿ ಎಂದರು. ಸಂಜೆ ಹೋಗಿ ಶಟರ್ ಎತ್ತಿದೆ. ಕುರ್ಚಿ ಇಟ್ಟಲ್ಲೇ ಇತ್ತು. ಪಕ್ಕಕ್ಕೆ ಸರಿಸಿ ಒಳಗೆ ಹೋಗಿ, ಯಾರೂ ಬಾರದಿರಲಿ ಎಂದು ಮತ್ತೆ ಅಡ್ಡ ಇಟ್ಟೆ. ಗೋಡೆಯ ಗಡಿಯಾರ ನಿಂತಿತ್ತು. ಅಕ್ಕನ ಗೋಡೆಯ ಮೇಲೆ ನಿಂತ ಗಡಿಯಾರ! ಮೇಜಿನ ಖಾನೆಯಲ್ಲಿ ಸೆಲ್ಲು ಹುಡುಕಿ, ಸ್ಟೂಲು ಹತ್ತಿ, ಅದನ್ನು ಹಾಕುತ್ತಿರುವಾಗ ಚೀಲದಲ್ಲಿ ಅವರ ಫೋನು ಗುಂಯ್ ಎಂದಿತು. ಬೇರೆಲ್ಲಾದರೂ ಆಗಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ, ಆ ಕೋಣೆಯಲ್ಲಿ ಮಾತ್ರ ಆಗಲಿಲ್ಲ. ಸ್ಟೂಲಿನಿಂದ ಇಳಿದು ಎತ್ತಿದೆ.

"ಹೇಳಿ, ಎಂತ ಆಯ್ತ್?"

ಬಾಯಿಂದ ತಾನಾಗಿಯೇ ಬಂತು.

"ಅಕ್ಕ ಅಲ್ದಾ?" ಎಂದಿತು ಹೆಂಗಸಿನ ದನಿ. ಬಾರ್ಕೂರಿನಲ್ಲಿ ಪ್ರೆಸ್ಸು ನಡೆಸುವವರು.

"ಅಕ್ಕ ತೀರ್ಕಂಡ್ರ್ ಮಾರಾಯ್ರೆ" ಎಂದೆ. ಹೆದರಿದ್ದ ಹಾಗೆಯೇ ಅಳು ಬಂತು. ಅವರಿಗೂ ಬಂತು. ಇಬ್ಬರೂ ಮುಖಪರಿಚಯವಿಲ್ಲದೆ ಸ್ವಲ್ಪ ಅತ್ತೆವು. ಆಮೇಲೆ ಅವರು ಮೂಗೊರೆಸಿಕೊಂಡು, "ಹಂಗಾರೆ ನಮ್ಮ್ ಶಾಲಿ ಸಂಚಿಕೆ ಎಂತ ಮಾಡುದ್? ಹೊಸ ಕಂಪ್ಯೂಟರಂಗೆ ಒತ್ತಕ್ಷರ ಎಲ್ಲ ತಲೆ ಮೇಲ್ ಕೂಕಂಡಿತ್ತ್" ಎಂದರು.

"ಕಳ್ಸಿ, ಕಾಂಬ" ಎಂದೆ. ಹೇಳಿದ ಮೇಲೆ ಭಯವಾಯಿತು. ಒತ್ತಕ್ಷರ ತಲೆಯ ಮೇಲೆ ಕೂತರೆ ಇಳಿಸುವುದು ಹೇಗೆಂದು ನನಗೇನು ಗೊತ್ತು? ಮೇಷ್ಟ್ರಿಗೆ ಫೋನು ಮಾಡಿ, ಈಗಿಂದೀಗಲೇ ಬಸ್ಸು ಹತ್ತಿ ಎಂದೆ. ‘ಯಾಕೆ, ಏನು’ ಎಂದರು. ಬಾಟಲಿ ಎಸೆಯುವುದು ಬಾಕಿ ಇದೆ ಎಂದೆ.

ಅವರು ಬರುವ ಹೊತ್ತಿಗೆ ಸಾಲಂಗಡಿಗಳ ದೀಪ ಹತ್ತಿತ್ತು. ನಾನು ಪರಿವರ್ತಕ ತೆರೆದು ಬಾರ್ಕೂರಿನ ಕಡತದ ಮುಂದೆ ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಮೇಷ್ಟ್ರು ಬಾಗಿಲ ತನಕ ಬಂದು ಕೆಂಪು ಕುರ್ಚಿ ಕಂಡು ಹೊರಗೇ ನಿಂತರು. ಎಷ್ಟಾದರೂ ನಮ್ಮ ಕಡೆಯ ಮನುಷ್ಯ.

"ಹ್ವಾಯ್, ಬಾಗ್ಲ್ ಹಾಕುದಾ, ಕುರ್ಚಿ ಇಡುದಾ? ಎಂತ ಗುರ್ತ್ ಮಾಡ್ಕ್ ಅಂದೇಳಿ ನೀವಿನ್ನೂ ಹೇಳ್ಲೇ ಇಲ್ಲೆ" ಎಂದರು ಅಲ್ಲಿಂದಲೇ.

"ತೆರ್ದಿತ್ತ್ ಅಂದ್ ಹಾಕಿ."

"ನೋಡ್ಕಂಬವ್ರ್ ಯಾರ್ ಅಂದ್ ಬರೆಯೂದ್?"

"ನನ್ನ್ ಹೆಸ್ರ್ ಬರೀರಿ, ಕೆಳ್ಗೆ ನಿಮ್ದೂ ಬರೀರಿ. ಫೋನ್ ನಂಬರ್ ಅದೇ ಇರ್ಲಿ. ಆ ಕುರ್ಚಿ ತಕಂಡ್ ಒಳ್ಗೆ ಬನ್ನಿ."

ಮೇಷ್ಟ್ರು ಕುರ್ಚಿಯನ್ನು ಎರಡೂ ಕೈಯಲ್ಲಿ ಎತ್ತಿ ಒಳಗೆ ತಂದರು. ನನ್ನ ಪಕ್ಕದಲ್ಲಿ ಇಟ್ಟು, ಒಂದು ಸಲ ಧೂಳು ಒರೆಸಿ, ಅದರ ಮೇಲೆಯೇ ಕೂತರು.